ಹೊಸ್ತಿಲ ಮೇಲಿನ ಟೇಪು

ಚಟ್ ಅಂದಿತು ತಗಡು, ಬಿಸಿಲೇರಿತು, ಈ ತಗಡಿನ ಮಾಡು ಹೋಗಿ ಸಿಮೆಂಟಿನ ಸ್ಲ್ಯಾಬು ಬಂದರೆ ಅವ್ವ ಮಧ್ಯಾಹ್ನ ಮನೆಯೊಳಗೇ ಮಲಗಿಯಾಳು, ಈಗ ಅಂಗಳದ ಬೇವಿನ ಗಿಡದ ಕೆಳಗೆ ಹಾಸಿಕೊಳ್ಳುತ್ತಾಳೆ, ಪಾಪ — ಎಮರ್ಜೆನ್ಸಿ ಬಂದ ಮೇಲೆ ಸಾಹೇಬರು ಹೇಳಿದ ಹೊತ್ತಿಗೇ ಬರುತ್ತಾರಪ್ಪ, ಮನೆ ಸಾಲದ ಸೊಸೈಟಿಯವರು, ಅಳೆದು ಬೆಲೆ ಕಟ್ಟಬೇಕು, ಆಮೇಲೆ ಅಡವು, ಆಮೇಲೆ ಸಾಲ. ಅಡವು ಅಂದರ ಏನಪಾ ಸತ್ಯಪ್ಪಾ, ಮನಿ ಬಿಟ್ಟು ಕೊಡೂದೇನು, ಅಂದಿದ್ದಳು ಅವ್ವ. ಇಲ್ಲಬೇ, ಮನ್ಯಾಗ ನಾವ ಇರೂದು, ಕಾಗದ ಅವರ ಕಡೆ ಇರತೈತಿ, ತಿಂಗಳಾ ನನ್ನ ಪಗಾರದಾಗ ಮುರಕೋತಾರ, ತೀರಿದ ಮ್ಯಾಲೆ ಕಾಗದ ವಾಪಸ್. ತೀರದಿದ್ದರ? ಹರಾಜ. ಯವ್ವಾ! ಅಂದು ಬಾಯಿ ಮೇಲೆ ಕೈ ಇಟ್ಟಳು, ಆಮೇಲೆ ನಕ್ಕುಬಿಟ್ಟಳು, ನಮ್ಮ ಕೇರ್ಯಾಗಿನ ಮನಿ ಹರಾಜಿನಾಗ ಯಾವ ಭಾಡ್ಯಾ ತಗೋತಾನೋ. ಥೂ, ಅದೇ ಮಾತನ್ನು ಸವದತ್ತಿ ಪೇಟೆಯ ಸಾವಕಾರನೂ ಅಂದಿದ್ದ, ಅಪ್ಪ ಇದೇ ಮನೆ ಇಟ್ಟು ಸಾಲ ಕೇಳಲು ಹೋದಾಗ, ಅದನ್ನ ಇಟಗೊಂಡು ನಾ ಏನ ಮಾಡ್ಲೋ, ಕೊಳ್ಳಾವರು ಯಾರು, ಬಂಗಾರ ಇದ್ದರ ತಾ — ಅವ್ವನ ಬುಗಡಿ ಹೋಯಿತು, ಮನೆ ಉಳಿಯಿತು, ಯಾರಿಗೂ ಬೇಡವಾಗಿ ಉಳಿಯಿತು. ನಗಬೇಕೋ ಅಳಬೇಕೋ, ಹರಾಜಾಗುವ ಯೋಗ್ಯತೆಯಾದರೂ ಬಂತಲ್ಲ ಅಂತ ನನಗೆ ಖುಷಿ, ಕೂಡಿಟ್ಟು ಕಟ್ಟುತ್ತೇನೆಂದರೆ ಕಂಡಕ್ಟರನ ಪಗಾರದಲ್ಲಿ ಅವ್ವನ ಕಾಲಕ್ಕಂತೂ ಆಗುವುದಿಲ್ಲ.

ಬರ್ರಿ ಸಾಹೇಬ್ರ ಅಂದೆ, ಇರ್ಲಿ ಇರ್ಲಿ ಅಂದರು, ಹೊಸ್ತಿಲಾಚೆಯೇ ನಿಂತು ಟೇಪಿನ ತುದಿ ತಾವು ಹಿಡಿದು ಡಬ್ಬಿ ನನ್ನ ಕೈಗೆ ಕೊಟ್ಟರು, ಹಿಂದಿನ ಗ್ವಾಡಿತನಾ ಹೋಗಿ ಎಷ್ಟಂತ ನೀನ ಹೇಳು. ಬೈಲಹೊಂಗಲದ ಬಸ್ಸಿನಲ್ಲಿ ನನ್ನ ಇದೇ ಕೈಯಿಂದ ಚಿಲ್ಲರೆ ಇಸಿದುಕೊಳ್ಳುತ್ತಾರೆ, ಅಲ್ಲಿ ಬೆರಳು ತಾಗುವುದಿಲ್ಲವೇ, ಬುದ್ಧನ ಪಟ ಹಾಕಿದರೂ ಇವರಿಗೆ ನಾವು ಕೇರಿಯವರೇ — ಪಟದ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಹೇಳಿದಷ್ಟು ಬರೆದುಕೊಳ್ಳುತ್ತಾರೆ, ನಾಲ್ಕು ಫೂಟು ಹೆಚ್ಚು ಹೇಳಿದರೆ ಹೆಚ್ಚು ಸಾಲ, ಅವರೇನು ನೋಡುತ್ತಾರೆಯೇ, ಸಾಹೇಬರ ಬೆನ್ನ ಹಿಂದಿನಿಂದ ಅವ್ವ ಸನ್ನೆ ಮಾಡುತ್ತಿದ್ದಾಳೆ, ಹೇಳಿಬಿಡೋ ಯಪ್ಪಾ, ಸಿಟ್ಟಿಗೇಳಬ್ಯಾಡ. ಸಿಟ್ಟು ಬಂದಿದೆ, ಹೌದು, ಸಾಲ ಮುಳುಗಿದರೆ ಹರಾಜು ಕೂಗಲಿಕ್ಕಾದರೂ ಒಳಗೆ ಬರುತ್ತೀರೋ ಇಲ್ಲವೋ, ಕಾಲಿಡಲಾರದ ಮನೆಗೆ ಬೆಲೆ ಹೇಗೆ ಕಟ್ಟುತ್ತೀರಿ. ಎಷ್ಟೋ? ಅಂದರು ಸಾಹೇಬರು. ಸ್ಲ್ಯಾಬು ಹೋದರೂ ಹೋಗಲಿ — ಬಸ್ಸಿನಲ್ಲಿ ದಿನಾ ಕೂಗುವ ಮಾತೇ ಬಾಯಿಗೆ ಬಂತು, ಮೆತ್ತಗೆ ಬಂತು, ಒಳಗ ಬರ್ರಿ, ಬಂದು ನೀವ ನೋಡ್ರಿ. ಅವರು ಜಗ್ಗಿದರು, ನಾನು ಬಿಡಲಿಲ್ಲ, ಟೇಪು ಹೊಸ್ತಿಲ ಮೇಲೆ ಬಿಗಿದು ನಿಂತಿದೆ, ಆ ಕಡೆ ಅವರ ಬೆರಳು, ಈ ಕಡೆ ನನ್ನ ಬೆರಳು, ನಡುವೆ ಟೇಪು, ಬಿಗಿದ ಟೇಪು —