ಕಣಗಿಲೆಯ ಎತ್ತರ

"ಇಲ್ಲಿಂದಲೇ ಶುರು ಮಾಡು," ಎಂದು ಮೇಸ್ತ್ರಿ ತೋರಿಸಿದ್ದು, ಜನ ದಾಟಲೆಂದು ಡಿವೈಡರಿನಲ್ಲಿ ಬಿಟ್ಟಿದ್ದ ಸಂದಿಗೆ ಅಂಟಿಕೊಂಡ ಕಣಗಿಲೆಯನ್ನು. ಹೂವಕ್ಕ ದೊಡ್ಡ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಗಿಡ ಅವಳ ತಲೆಗಿಂತ ಒಂದು ಗೇಣು ಮೇಲಿತ್ತು. ತುದಿತುದಿಗೂ ನಸುಗೆಂಪು ಗೊಂಚಲು, ಗೊಂಚಲಿನ ಬೆನ್ನಿಗೆ ಇನ್ನೂ ಕಣ್ಣು ಬಿಡದ ಮೊಗ್ಗು. ಲಾರಿಯೊಂದು ಪಕ್ಕದಲ್ಲೇ ಹಾದುಹೋದಾಗ ಇಡೀ ಗಿಡ ಬಾಗಿ, ಮತ್ತೆ ನೆಟ್ಟಗಾಯಿತು. ಸಂದಿನ ಬಾಯಿಗೆ, ರಸ್ತೆಯ ಮೇಲೆ, ಪೊಲೀಸರು ಸುರಿಸಿದ್ದ ಮರಳು ಹಾಗೇ ಇತ್ತು. ಆ ಮರಳಿನ ಕೆಳಗೆ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಎಲ್ಲವನ್ನೂ ಮೊಣಕಾಲೆತ್ತರಕ್ಕೆ ತರಬೇಕು, ಮಧ್ಯಾಹ್ನದೊಳಗೆ ಇಲ್ಲಿ ಒಂದು ಎಲೆಯೂ ಬಿದ್ದಿರಬಾರದು, ಟ್ರ್ಯಾಕ್ಟರ್ ಕಳಿಸುತ್ತೇನೆ ಎಂದ ಮೇಸ್ತ್ರಿ. ಸಾಹೇಬರು ಜಾಗ ನೋಡಲು ಬರುವವರಿದ್ದರು. ಕೇಳಿದರೆ ಗಿಡ ಯಾವಾಗಲೂ ಇಷ್ಟೇ ಇರುವುದು ಎನ್ನಬೇಕು. ಹೇಳುವಾಗ ಅವನು ಅವಳ ಮುಖ ನೋಡದೆ ಬೈಕಿನ ಕನ್ನಡಿಯ ಧೂಳು ಒರೆಸುತ್ತಿದ್ದ. ಕೆಟ್ಟವನೇನಲ್ಲ. ಅವಳ ಮಗಳು ಜ್ವರದಲ್ಲಿ ಬಡಬಡಿಸುತ್ತಿದ್ದಾಗ ಇದೇ ಬೈಕಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿ, ಬೆಳಗಿನ ತನಕ ಬೆಂಚಿನ ಮೇಲೆ ಕೂತಿದ್ದವನು.

"ಎತ್ತರ ಇತ್ತು ಅಂದ್ರೆ, ಯಾರು ಬಿಟ್ಟಿದ್ದು ಅಂತ ಕೇಳ್ತಾರೆ," ಎಂದ ಬೈಕು ಹತ್ತುತ್ತಾ. "ನಾನೊಬ್ಬನೇ ಮುಳುಗಲ್ಲ ಹೂವಕ್ಕ. ನಿನ್ನ ಕೆಲಸ ಖಾಯಂ ಆಗೋ ಮಾತು ಈಗ ತಾನೇ ದಡಕ್ಕೆ ಬಂದಿದೆ. ಮಗಳ ಮುಖ ನೋಡು."

ಅವಳು ಮೊದಲ ಕೊಂಬೆ ಕತ್ತರಿಸಿದಳು.

ಆ ರಸ್ತೆಯ ಉದ್ದಕ್ಕೂ ಅವಳು ನೆಟ್ಟ ಗಿಡಗಳಿದ್ದವು. ಮನೆಯಲ್ಲಿ ಒಂದು ಕುಂಡ ಇಡಲೂ ಜಾಗವಿರಲಿಲ್ಲ. ಎರಡು ದಿಕ್ಕಿಗೂ ಗಾಡಿ ಹರಿಯುವ ಈ ಮಣ್ಣಿನ ಪಟ್ಟಿಯೇ ಅವಳ ಹಿತ್ತಲು. ಪ್ರತಿಯೊಂದರ ಸ್ವಭಾವವೂ ಅವಳಿಗೆ ಗೊತ್ತು. ಕಾಗದದ ಹೂವಿನ ಬಳ್ಳಿ ದೊಡ್ಡ ಮನೆಯಿಂದ ಬಂದ ಸೊಸೆಯಂತೆ. ನೀರು ಹೆಚ್ಚು ಹಾಕಿ ಮುದ್ದು ಮಾಡಿದರೆ ಬರೀ ಎಲೆ ಬಿಟ್ಟುಕೊಂಡು ಬಿಗಿಯುತ್ತದೆ, ಸ್ವಲ್ಪ ಬಾಯಾರಿಸಿದರೆ ಮೈಯೆಲ್ಲ ಹೂ. ನಿತ್ಯಪುಷ್ಪ ಹಿರಿ ಸೊಸೆ. ದಿನಾ ಬಿಡುತ್ತದೆ, ದಿನಾ ಬಿಡುವುದರಿಂದಲೇ ಯಾರೂ ತಿರುಗಿ ನೋಡುವುದಿಲ್ಲ. ನಂದಿಬಟ್ಟಲಿಗೆ ಮಡಿ ಜಾಸ್ತಿ. ಬೆಳಿಗ್ಗೆ ಬೆಳ್ಳಗೆ ಅರಳಿದ್ದು ಸಂಜೆಯ ಹೊಗೆಗೆ ಮುಖ ಕಪ್ಪಿಟ್ಟುಕೊಳ್ಳುತ್ತದೆ. ಇವೆಲ್ಲ ನರ್ಸರಿಯಿಂದ ಲಾರಿಯಲ್ಲಿ ಬಂದವು. ಯಾರೂ ಕರೆಯದೆ ಬಂದದ್ದು ತುಂಬೆ, ವಿಷ್ಣುಕ್ರಾಂತಿ. ಸಾಸಿವೆಯಷ್ಟು ಜಾಗ ಸಿಕ್ಕರೂ ಬಿಳಿಯದೊಂದು, ನೀಲಿಯದೊಂದು ಇಣುಕುತ್ತಿದ್ದವು. ಅದು ಕಳೆ, ಕಿತ್ತು ಹಾಕು ಎಂದು ಮೇಸ್ತ್ರಿ ಗದರಿದಾಗಲೆಲ್ಲ ಅವಳು ಹೂಂ ಎನ್ನುತ್ತಿದ್ದಳು, ಕೀಳಲು ಮರೆಯುತ್ತಿದ್ದಳು.

ಅವಳ ಜೀವ ಮಾತ್ರ ಕಣಗಿಲೆಯ ಮೇಲೆ. ದನ ಬಾಯಿ ಹಾಕುವುದಿಲ್ಲ, ಹುಳ ಹತ್ತಿರ ಸುಳಿಯುವುದಿಲ್ಲ. ಮೈಯೆಲ್ಲ ವಿಷವಿಟ್ಟುಕೊಂಡು, ದಿನವಿಡೀ ಡೀಸೆಲ್ ಹೊಗೆ ಕುಡಿದು, ಟ್ಯಾಂಕರ್ ವಾರಗಟ್ಟಲೆ ಬರದಿದ್ದರೂ ಕೆಂಡದಂಥ ಬಿಸಿಲಿನಲ್ಲಿ ನಗುನಗುತ್ತಾ ನಿಲ್ಲುವ ಗಿಡ. ಗಂಡ ಬಿಟ್ಟುಹೋದ ವರ್ಷ, ಮಗಳನ್ನು ಬಟ್ಟೆಯ ಜೋಲಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ನೆಟ್ಟ ಕಡ್ಡಿಗಳು ಇವು. ಮೊದಲ ಹೂ ಬಿಟ್ಟ ದಿನ, ನೀನೂ ಬದುಕಿದೆಯಲ್ಲ ಮಾರಾಯ್ತಿ ಎಂದು ಗಿಡಕ್ಕೆ ಹೇಳಿದ್ದಳು.

ಕಳೆದ ತಿಂಗಳೇ ಮೇಸ್ತ್ರಿ ಕತ್ತರಿಸಲು ಹೇಳಿದ್ದ. ಮೈತುಂಬ ಮೊಗ್ಗಿದೆ, ಒಂದು ಸುತ್ತು ಅರಳಿ ಉದುರಲಿ ಎಂದು ಇವಳೇ ಗೋಗರೆದಳು. ಹೂವಿಗೆ ಬಂದ ಗಿಡಕ್ಕೆ ಕತ್ತರಿ ಹಾಕುವುದು ಉಣ್ಣುವವರ ಮುಂದಿನ ತಟ್ಟೆ ಎಳೆದ ಹಾಗೆ ಎಂದು ಅವಳ ತಾಯಿ ಹೇಳುತ್ತಿದ್ದಳು. ಮೇಸ್ತ್ರಿ ನಕ್ಕು, ಆಯ್ತು ಬಿಡು ಎಂದಿದ್ದ. ಅಷ್ಟರಲ್ಲಿ ಕಾರಿನಲ್ಲಿ ಹಾದುಹೋದ ದೊಡ್ಡ ಸಾಹೇಬರೊಬ್ಬರು ಕಚೇರಿಗೆ ಫೋನು ಮಾಡಿ, ಆ ರಸ್ತೆಯ ಹೂ ಯಾರದ್ದಪ್ಪಾ ಎಂದು ಮೆಚ್ಚಿಕೊಂಡರು. ಆಮೇಲೆ ಮೇಸ್ತ್ರಿ ಕತ್ತರಿಯ ಮಾತೇ ಎತ್ತಲಿಲ್ಲ.

ಎತ್ತಿದವಳು ಕುಳ್ಳಕ್ಕ ಒಬ್ಬಳೇ. ಆ ರಸ್ತೆ ಗುಡಿಸುವವಳು. ಹೆಸರಿಗೆ ತಕ್ಕ ಹಾಗೆ ಪೊರಕೆಯ ಕೋಲಿಗಿಂತ ನಾಲ್ಕು ಬೆರಳು ಎತ್ತರ ಅಷ್ಟೆ. ಈಚೆ ಬದಿ ಗುಡಿಸಿ ಮುಗಿಸಿ, ಸಂದಿನಿಂದ ಆಚೆ ಬದಿಗೆ ದಾಟುವ ಮುಂಚೆ ಹೂವಕ್ಕನ ಬಾಟಲಿಯಿಂದ ಎರಡು ಗುಟುಕು ನೀರು ಕುಡಿಯುವುದು ರೂಢಿ.

"ನಿನ್ನ ಗಿಡ ನನ್ನನ್ನ ನುಂಗಿಬಿಡುತ್ತೆ ಕಣೇ," ಎಂದಿದ್ದಳು. "ಗಾಡಿಯವರಿಗೆ ನಾನು ಕಾಣ್ಬೇಕಾದ್ರೆ ಇನ್ನೊಂದು ಜನ್ಮ ಎತ್ತಿ ಉದ್ದಕ್ಕೆ ಬೆಳೀಬೇಕು."

"ಪೊರಕೆ ಎತ್ತಿ ಹಿಡ್ಕೊಂಡು ದಾಟು," ಎಂದು ಇವಳು ನಕ್ಕಿದ್ದಳು.

ಮೊನ್ನೆ ಬೆಳಿಗ್ಗೆ ಕುಳ್ಳಕ್ಕ ನೀರು ಕುಡಿದು, ಬಾಯಿ ಒರೆಸಿಕೊಂಡು, ಗಿಡದ ಮರೆಯಿಂದ ರಸ್ತೆಗಿಳಿದಳು. ಹಾಲಿನ ವ್ಯಾನು ಬ್ರೇಕು ಹಾಕಿದ ಸದ್ದು ಕೇಳಿಸಿದ್ದು ಆಮೇಲೆ.

ಡ್ರೈವರನನ್ನು ಅಲ್ಲೇ ನಾಲ್ಕು ಜನ ಹಿಡಿದು ಬಡಿದರು. ಗಿಡದ ಹಿಂದಿನಿಂದ ಬಂದುಬಿಟ್ಟರು, ಕಾಣಲೇ ಇಲ್ಲ ಎಂದು ಅವನು ಅಳುತ್ತಾ ಹೇಳುತ್ತಿದ್ದ. ನಿದ್ದೆಗಣ್ಣಲ್ಲಿ ಓಡಿಸಿದ್ದಾನೆ ಎಂದರು, ಕುಡಿದಿದ್ದಾನೆ ಎಂದರು. ಹೂವಕ್ಕ ಕುಳ್ಳಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡ್ರೈವರನ ಮಾತು ಅವಳ ಕಿವಿಗೆ ಚೆನ್ನಾಗಿ ಬಿದ್ದಿತ್ತು. ಅವನನ್ನು ಜೀಪಿಗೆ ಹತ್ತಿಸುವ ತನಕ ಅವಳು ತಲೆ ಎತ್ತಲಿಲ್ಲ.

ಈಗ ಕತ್ತರಿಯ ಬಾಯಿಗೆ ಸಿಕ್ಕ ಕೊಂಬೆಗಳು ಹೂವಿನ ಸಮೇತ ಕಾಲ ಬುಡಕ್ಕೆ ಬೀಳುತ್ತಿದ್ದವು. ಸಂದಿನ ಗಿಡ ಮುಗಿಯಿತು, ಅದರ ಪಕ್ಕದ್ದು ಮುಗಿಯಿತು. ಕಡಿದಲ್ಲೆಲ್ಲ ಅಂಟುರಸ ಜಿನುಗಿ ಅವಳ ಅಂಗೈ ಉರಿಯತೊಡಗಿತು. ಗಿಡಕ್ಕೇನು, ಕಡಿದಲ್ಲಿ ಎರಡು ಕವಲೊಡೆದು ಮುಂದಿನ ಬಿಸಿಲಿಗೆ ಮತ್ತೆ ಹೂ ಬಿಡುತ್ತದೆ ಎಂದುಕೊಂಡಳು. ಹಾಗೆಂದುಕೊಂಡ ಮೇಲೆ ಕೈ ಇನ್ನಷ್ಟು ಭಾರವಾಯಿತು. ಟ್ರ್ಯಾಕ್ಟರ್ ಬಂದು ಮೊದಲ ರಾಶಿ ತುಂಬಿಕೊಂಡು ಹೋಯಿತು.

ಬಿಸಿಲು ಏರಿದಾಗ ಒಬ್ಬ ಹೆಂಗಸು ಸೊಂಟದಲ್ಲಿ ಮಗು ಇಟ್ಟುಕೊಂಡು ರಸ್ತೆ ದಾಟಿ ಬಂದಳು. ಮರಳಿನ ಹತ್ತಿರ ನಿಂತು ಸುತ್ತ ನೋಡಿದಳು. ಯಾರೆಂದು ಅವಳು ಹೇಳುವ ಮೊದಲೇ ಹೂವಕ್ಕನಿಗೆ ಗೊತ್ತಾಯಿತು.

"ಅಕ್ಕಾ, ನಾನು ವ್ಯಾನ್ ಡ್ರೈವರ್ ಹೆಂಡ್ತಿ. ಇಲ್ಲಿ ಗಿಡ ದೊಡ್ಡದಿತ್ತಾ?"

ಹೂವಕ್ಕ ಕತ್ತರಿಯ ಬಾಯಿ ಒರೆಸಿದಳು. "ಗಿಡ ಹಿಂಗೇ ಇರೋದಮ್ಮ."

"ಅವ್ರು ಹಂಗೆ ಹೇಳ್ತಿಲ್ಲ." ಹೆಂಗಸಿನ ದನಿಯಲ್ಲಿ ಜಗಳವಿರಲಿಲ್ಲ. "ಜೋರಾಗಿ ಓಡಿಸ್ತಾರೆ, ಇಲ್ಲ ಅನ್ನಲ್ಲ. ಲೇಟಾದ್ರೆ ಡೈರಿಯೋರು ಬೈತಾರೆ. ಆದ್ರೆ ಸುಳ್ಳು ಹೇಳೋಕೆ ಬರಲ್ಲ ಅಕ್ಕಾ ಅವ್ರಿಗೆ. ಹೇಳಿದ್ರೆ ಕಿವಿ ಕೆಂಪಾಗುತ್ತೆ, ನಾನು ಹಿಡಿದುಬಿಡ್ತೀನಿ. ನಿನ್ನೆ ಠಾಣೆ ಕಂಬಿ ಹತ್ರ ನಿಂತು ಕಿವಿನೇ ನೋಡ್ತಿದ್ದೆ."

ಸೊಂಟದಿಂದ ಜಾರಿ ಕೆಳಗಿಳಿದ ಮಗು ಬಿದ್ದಿದ್ದ ಗೊಂಚಲೊಂದನ್ನು ಹೆಕ್ಕಿ ಬಾಯಿಗೆ ಒಯ್ಯಿತು. ಹೂವಕ್ಕ ಕತ್ತರಿ ಬಿಸಾಕಿ ಹಾರಿ ಹೋಗಿ ಕಿತ್ತುಕೊಂಡಳು, ತುಟಿಯೊಳಗೆ ಬೆರಳು ಹಾಕಿ ನೋಡಿದಳು. ಏನೂ ಹೋಗಿರಲಿಲ್ಲ. ಮಗು ಬೆದರಿ ಕಿರುಚಿತು. ವಿಷ ಅದು ಎಂದು ಹೇಳಿ, ತನ್ನ ಬಾಟಲಿಯ ನೀರಿನಲ್ಲಿ ಮಗುವಿನ ಕೈ ಬಾಯಿ ತೊಳೆದಳು. ಸೆರಗಿನಿಂದ ಒರೆಸಿದಳು.

ಹೆಂಗಸು ಮಗುವನ್ನು ಎತ್ತಿಕೊಂಡು ನೆಲ ನೋಡುತ್ತಾ ನಿಂತಿದ್ದಳು. ಡಿವೈಡರಿನ ಉದ್ದಕ್ಕೂ ಹರಡಿದ್ದ ಹೂ ನೋಡಿದಳು, ಆಮೇಲೆ ಹೂವಕ್ಕನ ಅಂಟು ಅಂಟಾದ ಕೈ ನೋಡಿದಳು. ಮತ್ತೇನೂ ಕೇಳದೆ ಎದುರಿನ ಬಸ್ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂತಳು. ಬಸ್ಸುಗಳು ಬಂದವು, ಹೋದವು. ಅವಳು ಯಾವುದನ್ನೂ ಹತ್ತಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಬೈದವರಿಗೆ ಎದುರು ಬೈಯಬಹುದು. ಹೂವಕ್ಕ ಉಳಿದ ಗಿಡಗಳನ್ನು ಲೆಕ್ಕವಿಲ್ಲದೆ ಸವರಿದಳು. ಮನೆಯಲ್ಲಿ ಮಗಳು ಕೂತಿರುತ್ತಾಳೆ, ಮುಂದಿನ ತಿಂಗಳು ಕಾಲೇಜು. ಅಮ್ಮ ಖಾಯಂ ಆದರೆ ನಾವೂ ಒಂದು ಕಿಟಕಿ ಇರುವ ಮನೆ ಹಿಡಿಯೋಣ, ಕಿಟಕಿಯಲ್ಲಿ ಒಂದು ಕುಂಡ ಇಡೋಣ ಎಂದು ಹೇಳುತ್ತಿರುತ್ತಾಳೆ. ಆ ಬೆಂಚಿನ ಮೇಲಿನ ಮಗುವಿಗೂ ಒಬ್ಬ ಅಪ್ಪ ಬೇಕು. ಕುಳ್ಳಕ್ಕನಿಗೆ ಇನ್ನು ಏನೂ ಬೇಕಾಗಿಲ್ಲ. ಹೀಗೆ ಒಂದಾದ ಮೇಲೊಂದು ಮುಖ ಬಂದು ನಿಲ್ಲುತ್ತಿತ್ತು, ಕತ್ತರಿ ಆಡುತ್ತಲೇ ಇತ್ತು. ಟ್ರ್ಯಾಕ್ಟರ್ ಕೊನೆಯ ರಾಶಿಯನ್ನೂ ಒಯ್ದ ಮೇಲೆ ಡಿವೈಡರು ಬೋಳುತಲೆಯ ಹಾಗೆ ಬಿಸಿಲಿಗೆ ಬಿದ್ದುಕೊಂಡಿತ್ತು.

ಸಾಹೇಬರ ಜೀಪು ಬಂತು. ಜೊತೆಗೆ ಒಬ್ಬ ಪೊಲೀಸ್, ಹಿಂದಿನಿಂದ ಮೇಸ್ತ್ರಿಯ ಬೈಕು. ಸಾಹೇಬರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಸಂದಿನ ಆ ಬದಿ ಈ ಬದಿ ನೋಡಿದರು. ಬೆಂಚಿನಿಂದ ಎದ್ದ ಹೆಂಗಸು ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯಂಚಿಗೆ ಬಂದಳು. ಪೊಲೀಸ್ ಅಲ್ಲೇ ನಿಲ್ಲುವಂತೆ ಕೈ ತೋರಿಸಿದ.

"ಎಲ್ಲಿದೆಯಪ್ಪಾ ಗಿಡ, ಆ ಡ್ರೈವರ್ ಹೇಳಿದ್ದು?" ಎಂದರು ಸಾಹೇಬರು.

"ಇದೇ ಸಾರ್. ಯಾವಾಗ್ಲೂ ಮೊಣಕಾಲೆತ್ತರ ಮೇಂಟೇನ್ ಮಾಡ್ತೀವಿ," ಎಂದ ಮೇಸ್ತ್ರಿ.

ಸಾಹೇಬರು ಹೂಂಗುಟ್ಟಿ ಜೀಪಿನ ಕಡೆ ಹೊರಟವರು, ಕತ್ತರಿ ಹಿಡಿದು ನಿಂತಿದ್ದವಳನ್ನು ಕಂಡು ನಿಂತರು.

"ಗಿಡ ನೋಡ್ಕೊಳ್ಳೋದು ನೀನೇನಮ್ಮ? ಅವತ್ತು ಎಷ್ಟೆತ್ತರ ಇತ್ತು?"

ಅವಳು ಕತ್ತರಿಯನ್ನು ಕಲ್ಲಿನ ಮೇಲಿಟ್ಟು ಸಂದಿನ ಗಿಡದ ಬಳಿ ಬಂದು, ಮೊಂಡು ಕೊಂಬೆಗಳ ಮೇಲೆ ಅಂಗೈ ಚಾಚಿದಳು. ಅಂಗೈ ಮೊಣಕಾಲಿನ ಮಟ್ಟದಲ್ಲಿತ್ತು. ಮೇಸ್ತ್ರಿ ಉಸಿರು ಬಿಟ್ಟ.

ಅಂಗೈ ಅಲ್ಲಿ ನಿಲ್ಲಲಿಲ್ಲ. ನೀರಿನ ಮಟ್ಟ ಏರುವ ಹಾಗೆ ನಿಧಾನಕ್ಕೆ ಸೊಂಟ ದಾಟಿತು, ಎದೆ ದಾಟಿತು. ಭುಜಕ್ಕೆ ಬಂತು. ಮೇಸ್ತ್ರಿ ಮೆಲ್ಲಗೆ "ಹೂವಕ್ಕ" ಎಂದ. ಅವಳು ಅವನ ಕಡೆ ನೋಡಲಿಲ್ಲ. ಕೈ ಕಿವಿ ದಾಟಿ, ನೆತ್ತಿ ದಾಟಿ, ಅಲ್ಲಿಂದ ಒಂದು ಗೇಣು ಮೇಲೆ ಹೋಗಿ ನಿಂತಿತು.

"ಕತ್ತರಿಸ್ಬೇಡಿ ಅಂದವಳು ನಾನೇ," ಎಂದಳು.

ಸಾಹೇಬರು ಏನೋ ಕೇಳಿದರು. ಬಸ್ಸಿನ ಹಾರನ್ನಿನಲ್ಲಿ ಅದು ಮುಳುಗಿತು. ಗಾಡಿಗಳು ಎರಡೂ ಬದಿಯಲ್ಲಿ ವೇಗ ತಗ್ಗಿಸಿ, ಇಣುಕಿ, ಮುಂದೆ ಹೋಗುತ್ತಿದ್ದವು. ಅವಳ ತೋಳು ಸೋಲತೊಡಗಿತು. ಇನ್ನೊಂದು ಕೈಯನ್ನು ಮೊಣಕೈಗೆ ಆನಿಸಿಕೊಂಡು, ಅವಳು ಅದನ್ನು ಅಷ್ಟೇ ಎತ್ತರದಲ್ಲಿ ಹಿಡಿದು ನಿಂತಳು.