ಕಣ್ಣಿಗೆ ತೋರಿಸಲು

"ಕಲ್ಲೈತೆ, ಕಾಲು ಈ ಕಡೆ ಇಡು," ಎನ್ನುತ್ತ ಸೋದರಮಾವ ಬೋರಣ್ಣ ಹನುಮಂತರಾಜುವಿನ ಮೊಣಕೈ ಹಿಡಿದು ನಡೆಸುತ್ತಿದ್ದ. ಬೆಂಕಿಯ ಗಡಿಗೆ ಹಿಡಿದಿದ್ದ ಹನುಮಂತರಾಜುವಿಗೆ ಕಲ್ಲೇನು, ಅದರ ಮೇಲೆ ಹರಿಯುತ್ತಿದ್ದ ಇರುವೆಯೂ ಕಾಣುತ್ತಿತ್ತು. ಹಿಂದೆ, ಚಟ್ಟದ ಮೇಲೆ ಅವನ ಅವ್ವ ಮುದ್ದಕ್ಕ ಬರುತ್ತಿದ್ದಳು.

"ಪಾಪ, ಕಣ್ಣಿಲ್ಲದ ಮಗನ್ನ ಬಿಟ್ಟು ಹೋದ್ಲು," ಎಂದಳು ನೆರೆಮನೆಯ ಯರ್ರಮ್ಮ. "ಮೊಳಕಾಲ್ಮೂರಿನಾಗೆ ಇವನಂಗೆ ಸೀರೆ ಅಂಚು ನೇಯೋರು ಯಾರಿದ್ರು? ಆ ಸಣ್ಣ ಎಳೆನೇ ಕಣ್ಣು ತಿಂತು."

"ನಿನ್ ಕಣ್ಣು ಗಟ್ಟಿ ಐತೆ ಬಿಡಕ್ಕ. ಯಾರ ಮನೆ ಒಲೆ ಮೇಲೆ ಏನೈತೆ ಅಂತ ಬೀದಿಯಿಂದ್ಲೇ ಕಾಣ್ತೈತೆ," ಎಂದ ಬೋರಣ್ಣ. "ಸುಮ್ನೆ ಬಾ."

*

ಮಗ್ಗ ನಿಂತದ್ದು ಕಣ್ಣಿನಿಂದಲ್ಲ, ಫೋನಿನೊಳಗಿನ ಇಸ್ಪೀಟಿನಿಂದ. ಸೀರೆಗೆಂದು ತಂದ ರೇಷ್ಮೆಯನ್ನೂ ಮಾರಿ ಆಡಿದ್ದ. ಆಮೇಲೆ ನಿದ್ದೆ ಕೆಟ್ಟಿತು, ಕೈಯಲ್ಲಿ ಎಳೆ ನಿಲ್ಲದಾಯಿತು, ಬದುಕೇ ಸಾಕೆನಿಸಿತು. ಅವ್ವ ಏನೂ ಕೇಳಲಿಲ್ಲ. ಫೋನನ್ನು ತನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ರಾತ್ರಿ ಬಾಗಿಲಿಗೆ ಅಡ್ಡ ಮಲಗತೊಡಗಿದಳು. ಒಂದು ಸೋಮವಾರ ಅವನನ್ನು ಚಳ್ಳಕೆರೆ ಬಸ್ಸಿಗೆ ಹತ್ತಿಸಿದಳು. ಅಲ್ಲಿನ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಿದ್ದರು.

"ಯಾರಾದ್ರೂ ಕೇಳಿದ್ರೆ ಕಣ್ಣಿಗೆ ತೋರ್ಸಾಕೆ ಅನ್ನು," ಎಂದಿದ್ದಳು. "ನೇಕಾರಂಗೆ ಕಣ್ಣು ಹೋಗಾದು ಅವಮಾನ ಅಲ್ಲ ಕಣಪ್ಪ."

ಆಮೇಲಿನ ಸೋಮವಾರಗಳಲ್ಲೆಲ್ಲ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಮಗ ಹೊರಗೆ ಬಂದರೆ, ಏನಂದರು ಎಂದು ಕೇಳುತ್ತಿರಲಿಲ್ಲ. "ಹಸಿವಾತಾ?" ಎನ್ನುತ್ತಿದ್ದಳು.

*

ಸೌದೆಯ ಮೇಲೆ ಅವ್ವನನ್ನು ಮಲಗಿಸಿದರು.

"ನಾಳಿದ್ದು ಸೋಮವಾರ ಅಲ್ವಾ," ಬೋರಣ್ಣ ಮೆಲ್ಲಗೆ ಹೇಳಿದ. "ಇನ್ಮೇಲೆ ನಾನೇ ಕರ್ಕೊಂಡೋಗ್ತೀನಿ. ನಂಗೂ ಮಂಜು ಮಂಜಾಗೈತೆ. ಇಬ್ರೂ ತೋರಿಸ್ಕೊಂಡು ಬರಾನ."

ಹೂಂ ಎಂದರೆ ಚಳ್ಳಕೆರೆಯಲ್ಲಿ ಗುಟ್ಟು ಬಯಲಾಗುತ್ತಿತ್ತು. ಬೇಡ ಎಂದರೆ ಒಬ್ಬನೇ ಹೋಗಬೇಕಿತ್ತು; ಒಬ್ಬನೇ ಹೊರಟರೆ ಆಸ್ಪತ್ರೆ ಮುಟ್ಟುತ್ತೇನೆಂಬ ನಂಬಿಕೆ ಅವನಿಗೇ ಇರಲಿಲ್ಲ. ಅವ್ವನ ಮುಖ ನೋಡಿದ. ಅವಳು ಕಾಪಾಡಿಕೊಂಡು ಬಂದ ಸುಳ್ಳನ್ನು ಅವಳೆದುರೇ ಒಡೆಯಬೇಕಿತ್ತು.

"ಮಾಮ, ನಂಗೆ ಕಣ್ಣು ಕಾಣ್ತೈತೆ. ಫೋನಾಗೆ ದುಡ್ಡಿಟ್ಟು ಇಸ್ಪೀಟಾಡಿ ತಲೆ ಕೆಟ್ಟಿತ್ತು. ಅವ್ವ ಕರ್ಕೊಂಡೋಗ್ತಿದ್ದಿದ್ದು ಅದಕ್ಕೆ."

ಬೋರಣ್ಣ ಮೊಣಕೈ ಬಿಟ್ಟ.

"ಈಗ್ಲೂ ಆಡ್ಬೇಕು ಅನ್ನಿಸ್ತೈತೇನ್ಲೇ?"

"ಅನ್ನಿಸ್ತೈತೆ ಮಾಮ. ಇಲ್ಲಿ ನಿಂತಾಗ್ಲೂ."

ಬೋರಣ್ಣ ಆಚೆ ನಿಂತಿದ್ದ ತನ್ನ ಅಳಿಯ ಪ್ರದೀಪನ ಬಳಿಗೆ ಹೋದ. ತನ್ನ ಅಂಗಿಯ ಜೇಬಿನಿಂದ ಫೋನು ತೆಗೆದು ಅವನ ಕೈಗಿಟ್ಟ.

"ಯಾಕ್ ಮಾವ?"

"ಇಟ್ಕೊ. ಭಾರ ಆಗ್ತೈತೆ."

ತಿರುಗಿ ಬಂದು, ಜೋತುಬಿದ್ದ ಖಾಲಿ ಜೇಬಿನೊಂದಿಗೆ, ಹನುಮಂತರಾಜುವಿನ ಪಕ್ಕದಲ್ಲಿ ನಿಂತ.