ಮನೆಗೆ ಹತ್ತಿರದ ಕಾಲೇಜು

ಮಗಳಿಗೆ ಸೀಟು ಸಿಕ್ಕಿದ್ದ ತಿರುವನಂತಪುರದ ಎಂಜಿನಿಯರಿಂಗ್ ಕಾಲೇಜಿಗೆ ಹೋದ ದಿನ ಜಯಲಕ್ಷ್ಮಿ ನೋಡಿದ್ದು ಹಾಸ್ಟೆಲಿನ ಬಚ್ಚಲು, ಅಡುಗೆಮನೆ. ಮಗಳು ಅಪೇಕ್ಷಾ ನೋಡಿದ್ದು ವರ್ಕ್‌ಶಾಪು. ಅಲ್ಲಿ ವಿದ್ಯಾರ್ಥಿಗಳೇ ಸೇರಿ ರೇಸ್ ಕಾರೊಂದನ್ನು ಕಟ್ಟುತ್ತಿದ್ದರು. ಜೀವಿತಾ ಎಂಬ ಸೀನಿಯರ್ ಹುಡುಗಿ ಕೈಗೆ ಸ್ಪ್ಯಾನರ್ ಕೊಟ್ಟಿದ್ದೇ ತಡ, ಅಪೇಕ್ಷಾ ಹೊಸ ಚೂಡಿದಾರ ತೊಟ್ಟಿದ್ದನ್ನೂ ಮರೆತು ಕಾರಿನಡಿ ತೂರಿದಳು. ಹೊರಬಂದಾಗ ಮೂಗಿಗೆಲ್ಲ ಗ್ರೀಸು, ಬಾಯಿತುಂಬ ನಗು.

“ಇವಳನ್ನ ಇಲ್ಲೇ ಬಿಟ್ಟು ಹೋಗಿ ಆಂಟೀ,” ಎಂದು ಜೀವಿತಾ ಇಂಗ್ಲಿಷಿನಲ್ಲಿ ತಮಾಷೆ ಮಾಡಿದಳು.

ಜಯಲಕ್ಷ್ಮಿಯೂ ನಕ್ಕಳು. ಆದರೆ ಮಗಳ ಕೈ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

ಇನ್ನೊಂದು ಪ್ರವೇಶ ಪರೀಕ್ಷೆಯಲ್ಲಿ, ಅವರಿದ್ದ ಊರಾದ ಕೊಚ್ಚಿಯ ಕಾಲೇಜಿನಲ್ಲೂ ಅದೇ ಮೆಕ್ಯಾನಿಕಲ್ ಸೀಟು ಸಿಕ್ಕಿತ್ತು. ಪಾಠ ಅಲ್ಲೂ ಚೆನ್ನಾಗಿತ್ತು, ಕೆಲಸ ಕೊಡುವ ಕಂಪನಿಗಳೂ ಬರುತ್ತಿದ್ದವು. ಕಾರು ಕಟ್ಟುವ ತಂಡ ಮಾತ್ರ ಇರಲಿಲ್ಲ. ಆದರೆ ಮನೆ ಹತ್ತಿರದ ಪಾಲಾರಿವಟ್ಟಂನಲ್ಲಿ ಮೆಟ್ರೋ ಹತ್ತಿ ಹೋದ ಮಗಳು ಸಂಜೆ ಕಾಫಿ ಹೊತ್ತಿಗೆ ಮನೆಯಲ್ಲಿರುತ್ತಾಳೆ.

“ಮನೆ ಹತ್ತಿರ ಅಂತ ಕಾಲೇಜು ಆರಿಸ್ಬೇಡ ಕಣೇ ಜಯಾ,” ಎಂದ ಗಂಡ ಜನಾರ್ದನ, ಊಟಕ್ಕೆ ಕೂತಾಗ. ಅವನದು ಬ್ಯಾಂಕಿನ ಕೆಲಸ. “ನಂಗೆ ಯಾವಾಗ ಟ್ರಾನ್ಸ್‌ಫರ್ ಆಗುತ್ತೋ ಏನೋ.”

“ಪ್ರತಿ ವರ್ಷ ಇದೇ ರಾಗ ನಿಮ್ದು. ಸಾರು ಹಾಕ್ಲಾ?”

ಮಗಳಿಗೆ ಜಯಲಕ್ಷ್ಮಿ ಹೋಗಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ಬಟ್ಟೆ ಮಡಚುತ್ತಾ, “ನಿನ್ನಿಷ್ಟ ಪುಟ್ಟಾ, ನಾನೇನೂ ಹೇಳಲ್ಲ. ದಿನವೆಲ್ಲ ಒಬ್ಳೇ ಇರೋದು ನಂಗೇನು ಹೊಸದಾ?” ಎಂದಳಷ್ಟೇ.

ಅಪೇಕ್ಷಾ ತಾಯಿಯ ಮುಖ ನೋಡಿದಳು. “ಎನಿಕ್ಕು ಇವಿಡೆ ಮದಿ, ಅಮ್ಮಾ,” ಎಂದಳು. ಕೊಚ್ಚಿಯಲ್ಲೇ ಬೆಳೆದವಳು, ಕನ್ನಡದಲ್ಲಿ ಕೇಳಿದ್ದಕ್ಕೂ ಮಲಯಾಳದಲ್ಲೇ ಉತ್ತರ. ನನಗೆ ಇಲ್ಲೇ ಸಾಕು. ಆ ಸಾಕಿನಲ್ಲಿ ಸಂತೋಷ ಇರಲಿಲ್ಲವೆಂದು ಜಯಲಕ್ಷ್ಮಿಗೆ ಗೊತ್ತಾಯಿತು. ಗೊತ್ತಾದರೂ ಅಂದು ಪಾಯಸ ಮಾಡಿದಳು. ತಿರುವನಂತಪುರದ ಸೀಟು ಬೇರೆ ಯಾರಿಗೋ ಹೋಯಿತು.

ಮಗಳ ಮೊದಲ ವರ್ಷ ಮುಗಿಯುವ ಮುನ್ನವೇ ಜನಾರ್ದನನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಅವನಿಗೆ ಹೃದಯದ ಚಿಕಿತ್ಸೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಒಬ್ಬನನ್ನೇ ಕಳಿಸುವಂತಿರಲಿಲ್ಲ. ಬ್ಯಾಂಕು ಕೊಟ್ಟ ಮನೆಯನ್ನೂ ಬಿಡಬೇಕಿತ್ತು. ಅಪೇಕ್ಷಾಳಿಗೆ ಕೊಚ್ಚಿಯ ಕಲೂರಿನ ಪಿ.ಜಿ.ಯೊಂದರಲ್ಲಿ ಮಂಚ ಗೊತ್ತುಮಾಡಿದರು.

ಹೊರಡುವ ದಿನ ಜಯಲಕ್ಷ್ಮಿ ಆ ಮಂಚಕ್ಕೆ ಬೆಡ್‌ಶೀಟ್ ಹಾಸುತ್ತಿದ್ದಳು. ಬೇರೆ ಮೂವರು ಹುಡುಗಿಯರ ಬಟ್ಟೆಗಳು ಕಿಟಕಿಯಲ್ಲಿ ಒಣಗುತ್ತಿದ್ದವು.

“ಹಾಸ್ಟೆಲ್‌ನಲ್ಲೇ ಇರೋದಾಗಿದ್ರೆ ತಿರುವನಂತಪುರದಲ್ಲೇ ಇರಬಹುದಿತ್ತಲ್ಲೇ,” ಎಂದಳು. “ನನ್ನಿಂದ ಹಿಂಗಾಯ್ತು. ಬಿಟ್ಟಿರಕ್ಕಾಗಲ್ಲ ಅಂತ ಬಾಯಿಬಿಟ್ಟು ಹೇಳೋಕೂ ಧೈರ್ಯ ಇರ್ಲಿಲ್ಲ ನಂಗೆ.”

ಅಪೇಕ್ಷಾ ಪುಸ್ತಕ ಜೋಡಿಸುವುದನ್ನು ನಿಲ್ಲಿಸಲಿಲ್ಲ. ಸಿಟ್ಟಿಲ್ಲದ ದನಿಯಲ್ಲಿ, ಮಲಯಾಳದಲ್ಲಿ, ಹೇಳಿದಳು: “ಹೇಳಿದ್ದರೆ ಜಗಳ ಆಡಿಯಾದರೂ ಹೋಗ್ತಿದ್ದೆ ಅಮ್ಮಾ. ನೀನು ಏನೂ ಹೇಳ್ಲಿಲ್ಲ. ಅದಕ್ಕೇ ಹೋಗೋಕಾಗ್ಲಿಲ್ಲ.”

ಕೆಳಗೆ ಆಟೋದವನು ಹಾರ್ನ್ ಒತ್ತಿದ. “ಚೇಚೀ, ಟ್ರೇನ್!” ಅಕ್ಕಾ, ಟ್ರೇನಿಗೆ ಹೊತ್ತಾಯಿತು.

ಜಯಲಕ್ಷ್ಮಿ ಹಾಸಿದ್ದ ಬೆಡ್‌ಶೀಟನ್ನು ಪೂರ್ತಿ ತೆಗೆದು, ಮತ್ತೆ ಮೊದಲಿನಿಂದ ಹಾಸತೊಡಗಿದಳು.